ಟನ್ನುಗಳ ಊರಿಗೆ ಮೈಕ್ರಾನ್ ಪಾಠ

ಅದಿರು ತುಂಬಿದ ರೈಲನ್ನು ಓಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ. ನಿಲ್ಲಿಸುವ ಗಾಳಿಯನ್ನು ಒತ್ತಿ ಕೂಡಿಡುವ ಪಂಪನ್ನು ಎಂಟನೇ ಒಂದರಷ್ಟು ಚಿಕ್ಕದಾಗಿ ಮಾಡಿ, ಅದು ನಿಜಕ್ಕೂ ಓಡುವಂತೆ ಮಾಡುವುದು ಇನ್ನೂ ಕಷ್ಟ. ಸಂಡೂರು–ಹೊಸಪೇಟೆಯ ಲೇತ್‌ಗಳಿಗೆ ಈ ಕಷ್ಟದ ಕೆಲಸ ಬೇಕು.

ಆಯುಧ ಪೂಜೆಯ ದಿನ ಹೊಸಪೇಟೆ, ಸಂಡೂರು, ತೋರಣಗಲ್ಲಿನ ವರ್ಕ್‌ಶಾಪ್‌ಗಳು ಗುರುತೇ ಸಿಗದಷ್ಟು ಬದಲಾಗುತ್ತವೆ. ವರ್ಷವಿಡೀ ಎಣ್ಣೆ ಕುಡಿದ ನೆಲ ತೊಳೆದು ಬೆಳ್ಳಗಾಗಿರುತ್ತದೆ. ಲೇತ್‌ನ ಚಕ್ಕಿಗೆ ಚೆಂಡುಹೂವಿನ ಹಾರ, ಟೇಲ್‌ಸ್ಟಾಕಿಗೆ ವಿಭೂತಿಯ ಮೂರು ಪಟ್ಟೆ, ಡ್ರಿಲ್ಲಿಂಗ್ ಮಷಿನ್ನಿಗೆ ಕಟ್ಟಿದ ಬಾಳೆಕಂದು. ಹೊರಗೆ ಅದಿರು ಲಾರಿಗಳ ಚಕ್ರದಡಿ ನಿಂಬೆಹಣ್ಣು, ಬಾಗಿಲಲ್ಲಿ ಕುಂಕುಮ ಸುರಿದು ಒಡೆದ ಬೂದುಗುಂಬಳ. ಮೈಕ್ರೋಮೀಟರು, ವರ್ನಿಯರ್, ಡಯಲ್ ಗೇಜುಗಳೆಲ್ಲ ಡಬ್ಬಿಯಿಂದ ಹೊರಬಂದು ದೇವರ ಪಟದ ಮುಂದೆ ಸಾಲಾಗಿ ಕೂರುತ್ತವೆ.

ಹಬ್ಬ ಮುಗಿದ ಮೇಲೆ ಆ ಲೇತ್‌ಗಳಿಗೆ ಬರುವುದು ಬಹುಪಾಲು ದುರಸ್ತಿ ಕೆಲಸ: ಟಿಪ್ಪರ್‌ನ ಸವೆದ ಪಿನ್, ಕ್ರಷರ್‌ನ ಶಾಫ್ಟ್, ಕನ್ವೇಯರ್‌ನ ರೋಲರ್, ಎಲ್ಲಕ್ಕೂ ಬೇಕಾಗುವ ಬುಷ್. ಇದು ಅನ್ನ ಕೊಡುವ ಕೆಲಸ, ಹಗುರವಾಗಿ ಕಾಣುವಂಥದ್ದಲ್ಲ. ಆದರೆ ಸವೆದ ಭಾಗದ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ಕೂರಿಸುವಾಗ ಅಳತೆಯನ್ನು ಬೇರೆ ಯಾರೋ ಬೇರೆಲ್ಲೋ ಮೊದಲೇ ತೀರ್ಮಾನಿಸಿರುತ್ತಾರೆ. ಯಾವ ಅಳತೆ ಏಕೆ ಇರಬೇಕು ಎಂದು ತಾನೇ ಯೋಚಿಸಿ, ಲೋಹ ಆರಿಸಿ, ಕೊರೆದು, ಜೋಡಿಸಿ, ಓಡಿಸಿ ನೋಡುವ ಅವಕಾಶ ಟರ್ನರ್‌ಗೆ ಸಿಗುವುದು ಅಪರೂಪ. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಯಂತ್ರ ಆ ಅವಕಾಶವನ್ನು ಕೊಡಬಲ್ಲದು. ಅದು ಉಗಿ ರೈಲು ಎಂಜಿನ್ನಿನ ಮಾದರಿಗೆಂದು ಮಾಡುವ ಪುಟ್ಟ ಗಾಳಿ ಪಂಪ್. ಜಗತ್ತಿನ ಹಲವೆಡೆ ಇದು ಹವ್ಯಾಸಿಗಳ ಕೆಲಸ. ಬ್ರಿಟನ್ನಿನ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಇಂಥವರಿಗಾಗಿಯೇ 1898ರಲ್ಲಿ ಹುಟ್ಟಿತು. ಅದಿರು ಅಗೆಯುವ ನಮ್ಮ ಸೀಮೆಯಲ್ಲಿ ಇದು ಹವ್ಯಾಸವಷ್ಟೇ ಆಗಿ ಉಳಿಯಬಾರದು, ಕಸುಬಿನ ಶಿಕ್ಷಣದ ಭಾಗವಾಗಬೇಕು ಎಂಬುದು ಈ ಲೇಖನದ ವಾದ.

ನಿಲ್ಲಿಸುವ ಗಾಳಿಯ ಕತೆ

ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಉಗಿ ಎಂಜಿನ್ ನೋಡಿದವರಿಗೆ ಮೊದಲು ಹೊಳೆಯುವ ಪ್ರಶ್ನೆ, ಇದು ಹೇಗೆ ಓಡುತ್ತಿತ್ತು ಎಂಬುದು. ಹೇಗೆ ನಿಲ್ಲುತ್ತಿತ್ತು ಎಂಬುದು ಅದಕ್ಕಿಂತ ಕಠಿಣವಾದ ಪ್ರಶ್ನೆ. ಒಂದು ಕಾಲಕ್ಕೆ ಗಾಡಿಗಳ ಮೇಲೆ ಅಲ್ಲಲ್ಲಿ ಆಳುಗಳು ನಿಂತು, ಎಂಜಿನ್ನಿನ ಸೀಟಿ ಕೇಳಿದ ಕೂಡಲೇ ಕೈಚಕ್ರ ತಿರುಗಿಸಿ ಬ್ರೇಕ್ ಹಾಕಬೇಕಿತ್ತು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದರು. ಎಂಜಿನ್ನಿನ ಪಕ್ಕಕ್ಕೆ ಕಟ್ಟಿದ ಉಗಿ ಪಂಪ್ ಗಾಳಿಯನ್ನು ಒತ್ತಿ ಟ್ಯಾಂಕಿನಲ್ಲಿ ಕೂಡಿಡುತ್ತಿತ್ತು. ಆ ಗಾಳಿ ಕೊಳವೆಯ ಮೂಲಕ ಪ್ರತಿ ಗಾಡಿಯ ಬ್ರೇಕನ್ನೂ ಒತ್ತುತ್ತಿತ್ತು. 1872ರ ಹೊತ್ತಿಗೆ ಅವರು ಅದನ್ನು ಸ್ವಯಂಚಾಲಿತ ಮಾಡಿದರು. ಕೊಳವೆ ಒಡೆದರೆ, ಗಾಡಿಗಳ ಕೊಂಡಿ ಕಳಚಿದರೆ, ಗಾಳಿ ಹೊರಹೋಗುತ್ತದೆ. ಗಾಳಿ ಹೋದ ಕೂಡಲೇ ಬ್ರೇಕ್ ತಾನಾಗಿ ಬೀಳುತ್ತದೆ. ಕೆಟ್ಟರೆ ಅಪಾಯದ ಕಡೆಗಲ್ಲ, ಸುರಕ್ಷತೆಯ ಕಡೆಗೇ ಕೆಡಬೇಕು ಎಂಬ ಈ ವಿಚಾರ ರೈಲಿನ ಇತಿಹಾಸದ ದೊಡ್ಡ ತಿರುವು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಬಳಿ ಏರಿನಲ್ಲಿ ಬಿಟ್ಟ ಬೋಗಿಗಳು ಹಿಂದಕ್ಕೆ ಜಾರಿ 80 ಮಂದಿ ಸತ್ತರು. ಅವುಗಳಲ್ಲಿ ಸ್ವಯಂಚಾಲಿತ ಬ್ರೇಕ್ ಇರಲಿಲ್ಲ. ಆ ವರ್ಷವೇ ಬ್ರಿಟನ್ ಪ್ರಯಾಣಿಕರ ರೈಲುಗಳಿಗೆ ಅಂಥ ಬ್ರೇಕನ್ನು ಕಾನೂನಿನಿಂದ ಕಡ್ಡಾಯಗೊಳಿಸಿತು.

ಬ್ರಿಟನ್ನಿನ ಬಹುಪಾಲು ರೈಲು ಕಂಪನಿಗಳು ವೆಸ್ಟಿಂಗ್‌ಹೌಸರ ಗಾಳಿಗಿಂತ ನಿರ್ವಾತವನ್ನು ಮೆಚ್ಚಿದವು. ಭಾರತವೂ ಅದೇ ದಾರಿ ಹಿಡಿಯಿತು. ನಿರ್ವಾತ ಬ್ರೇಕಿನಲ್ಲಿ ಕೊಳವೆಯೊಳಗಿನ ಗಾಳಿಯನ್ನು ಹೀರಿ ತೆಗೆದಿರುತ್ತಾರೆ. ಹೊರಗಿನ ಗಾಳಿ ಒಳಬಿಟ್ಟರೆ ಬ್ರೇಕ್ ಬೀಳುತ್ತದೆ. ಹೀರುವ ಕೆಲಸ ಎಜೆಕ್ಟರ್‌ನದು. ಸಣ್ಣ ಶಂಕುವಿನ ಬಾಯಿಂದ ಉಗಿ ರಭಸವಾಗಿ ಚಿಮ್ಮುವಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಓಡಾಡುವ ಭಾಗ ಒಂದೂ ಇಲ್ಲ. ಸರಳ, ಅಗ್ಗ, ಬಾಳಿಕೆಯದು. ಆದರೆ ಅದಕ್ಕೊಂದು ಮಿತಿ ಇದೆ. ನಮ್ಮ ರೈಲುಗಳಲ್ಲಿದ್ದ 51 ಸೆಂಟಿಮೀಟರ್ ಪಾದರಸದ ನಿರ್ವಾತದಿಂದ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ 0.7 ಕಿಲೋಗಿಂತ ಹೆಚ್ಚಿಲ್ಲ. ಇಂದಿನ ಗಾಳಿ ಬ್ರೇಕಿನ ಸಿಲಿಂಡರಿನಲ್ಲಿ ಅದು 3.8 ಕಿಲೋ ತನಕ ಏರುತ್ತದೆ, ಅಂದರೆ ಐದು ಪಟ್ಟಿಗೂ ಮಿಗಿಲು. ವಾತಾವರಣದ ಒತ್ತಡವೇ ನಿರ್ವಾತದ ಮೇಲ್ಮಿತಿಯಾದ್ದರಿಂದ ಅದನ್ನು ಮೀರಿ ಬಲ ಪಡೆಯಲಾಗದು. ರೈಲು ಉದ್ದವಾದಷ್ಟೂ ಕೊನೆಯ ವ್ಯಾಗನ್ ತನಕ ನಿರ್ವಾತ ಕಾಯುವುದೂ ಕಷ್ಟ.

ಈ ಲೆಕ್ಕ ಸಂಡೂರಿಗೆ ನೇರವಾಗಿ ತಟ್ಟುವಂಥದ್ದು. ಹೊಸಪೇಟೆಯಿಂದ ಗುಂಡಾ ರೋಡ್, ಯಶವಂತನಗರ ಹಾದು ಸ್ವಾಮಿಹಳ್ಳಿಗೆ ಹೋಗುವ ಮಾರ್ಗ ಬೆಟ್ಟದ ಸಾಲಿನ ಅದಿರನ್ನು ಹೊರತಂದ ಮಾರ್ಗ. ಮೀಟರ್‌ಗೇಜ್ ಕಾಲದ ಫೋಟೊಗಳಲ್ಲಿ ನಾವು ಮೆಚ್ಚುವುದು ಎಂಜಿನ್ನಿನ ಹೊಗೆಯನ್ನು. ಆದರೆ ಎಷ್ಟು ಟನ್ ಅದಿರನ್ನು ಒಂದೇ ರೈಲಿಗೆ ಕಟ್ಟಬಹುದು ಎಂಬುದನ್ನು ಎಂಜಿನ್ನಿನ ಎಳೆತದಷ್ಟೇ ಬ್ರೇಕೂ ನಿರ್ಧರಿಸುತ್ತಿತ್ತು. 1980ರ ದಶಕದಲ್ಲಿ ಗಾಳಿ ಬ್ರೇಕಿನ ಬಾಕ್ಸ್‌ಎನ್ ವ್ಯಾಗನ್‌ಗಳು ಬಂದ ಮೇಲೆ ಭಾರತದ ಸರಕು ರೈಲುಗಳು ಇನ್ನಷ್ಟು ಉದ್ದವಾದವು, ಭಾರವಾದವು. ಇವತ್ತು ಈ ಸೀಮೆಯ ಅದಿರು ರೈಲುಗಳನ್ನು ನಿಲ್ಲಿಸುವುದು ಒತ್ತಿ ಕೂಡಿಟ್ಟ ಗಾಳಿಯೇ.

ಒಂದು ನೋಟ: ಅಳತೆ ಕುಗ್ಗಿದಾಗ
• ಮೀಟರ್‌ಗೇಜ್ ಹಳಿಯ ಅಗಲ 1000 ಮಿ.ಮೀ. ಎಂಟನೇ ಒಂದಕ್ಕೆ ಇಳಿಸಿದರೆ 125 ಮಿ.ಮೀ. ಹವ್ಯಾಸಿಗಳ ಐದು ಇಂಚಿನ ಹಳಿ 127 ಮಿ.ಮೀ. ವ್ಯತ್ಯಾಸ ಎರಡೇ ಮಿಲಿಮೀಟರ್.
• ವೆಸ್ಟಿಂಗ್‌ಹೌಸ್ ಕಂಪನಿಯ ಒಂಬತ್ತೂವರೆ ಇಂಚಿನ ಪಂಪಿನ ಸಿಲಿಂಡರ್ ಒಳವ್ಯಾಸ 241 ಮಿ.ಮೀ., ಪಿಸ್ಟನ್ ಓಟ 254 ಮಿ.ಮೀ. ಮಾದರಿಯಲ್ಲಿ ಇವು ಸುಮಾರು 30 ಮತ್ತು 32 ಮಿ.ಮೀ.
• ದೊಡ್ಡ ಪಂಪ್ ಒಂದು ಹೊಡೆತಕ್ಕೆ ಒತ್ತುವ ಗಾಳಿ 11.6 ಲೀಟರ್, ಮಾದರಿ ಒತ್ತುವುದು 23 ಮಿಲಿಲೀಟರ್. ಉದ್ದ ಎಂಟು ಪಟ್ಟು ಕುಗ್ಗಿದರೆ ಗಾತ್ರ 512 ಪಟ್ಟು ಕುಗ್ಗುತ್ತದೆ.

ಕ್ರ್ಯಾಂಕ್ ಇಲ್ಲದ ಯಂತ್ರ

ವೆಸ್ಟಿಂಗ್‌ಹೌಸ್ ಮಾದರಿಯ ಪಂಪ್ ಹೊರನೋಟಕ್ಕೆ ಸರಳ. ಮೇಲೊಂದು ಉಗಿ ಸಿಲಿಂಡರ್, ಕೆಳಗೊಂದು ಗಾಳಿ ಸಿಲಿಂಡರ್, ಎರಡರ ಪಿಸ್ಟನ್‌ಗಳನ್ನೂ ಹಿಡಿದಿರುವ ಒಂದೇ ರಾಡ್. ಉಗಿ ಮೇಲಿನ ಪಿಸ್ಟನ್ನನ್ನು ಏರಿಸಿ ಇಳಿಸಿದಂತೆ ಕೆಳಗಿನದು ಗಾಳಿಯನ್ನು ಒತ್ತುತ್ತದೆ. ಕ್ರ್ಯಾಂಕ್ ಇಲ್ಲ, ಫ್ಲೈವೀಲ್ ಇಲ್ಲ. ಕಷ್ಟ ಇರುವುದು ಇಲ್ಲೇ. ಫ್ಲೈವೀಲ್ ಇದ್ದರೆ ಅದರ ವೇಗವೇ ಪಿಸ್ಟನ್ನನ್ನು ಓಟದ ಕೊನೆಯಿಂದ ಹಿಂದಕ್ಕೆ ತರುತ್ತದೆ. ಇಲ್ಲಿ ಪಿಸ್ಟನ್ ಕೊನೆ ಮುಟ್ಟಿದ ಕ್ಷಣಕ್ಕೆ ಉಗಿಯ ದಿಕ್ಕನ್ನು ಯಂತ್ರ ತಾನೇ ಬದಲಿಸಿಕೊಳ್ಳಬೇಕು. ಅದಕ್ಕಾಗಿ ಪಿಸ್ಟನ್ ರಾಡಿನ ಒಳಗೆ ಟೊಳ್ಳು ಕೊರೆದು, ಅದರಲ್ಲಿ ತೆಳು ಕಡ್ಡಿಯೊಂದನ್ನು ಇಳಿಬಿಟ್ಟಿರುತ್ತಾರೆ. ಪಿಸ್ಟನ್ನಿಗೆ ಬಿಗಿದ ತಟ್ಟೆ ಓಟದ ಎರಡು ತುದಿಗಳಲ್ಲಿ ಈ ಕಡ್ಡಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಕಡ್ಡಿ ಒಂದು ಪುಟ್ಟ ವಾಲ್ವನ್ನು ಸರಿಸುತ್ತದೆ. ಆ ಪುಟ್ಟ ವಾಲ್ವ್ ಬಿಟ್ಟ ಉಗಿ, ಒಂದು ದೊಡ್ಡದು, ಒಂದು ಚಿಕ್ಕದು ಆಗಿರುವ ಎರಡು ಪಿಸ್ಟನ್‌ಗಳ ಮೂಲಕ ಮುಖ್ಯ ವಾಲ್ವನ್ನು ಸರಿಸುತ್ತದೆ. ಆಗ ದಿಕ್ಕು ಬದಲಾಗುತ್ತದೆ.

ಎಂಟನೇ ಒಂದರ ಮಾದರಿಯಲ್ಲಿ ಆ ಕಡ್ಡಿ ದಬ್ಬಣಕ್ಕಿಂತ ಹೆಚ್ಚು ದಪ್ಪ ಇರಲಾರದು. ಉಗಿಯ ದಾರಿಗಳು ಒಂದೆರಡು ಮಿಲಿಮೀಟರಿನ ಕೊರೆತಗಳು. ಅವು ಎರಕದ ಒಳಗೆ ಕಣ್ಣಿಗೆ ಕಾಣದ ಜಾಗದಲ್ಲಿ, ಓರೆಯಾಗಿ, ಒಂದನ್ನೊಂದು ಸರಿಯಾಗಿ ಸಂಧಿಸಬೇಕು. ಡ್ರಿಲ್ ಕೊಂಚ ಅಡ್ಡಹೋದರೆ ಪಕ್ಕದ ದಾರಿಗೆ ತೂತಾಗಿ, ಅಷ್ಟು ದಿನದ ಕೆಲಸ ಗುಜರಿಗೆ. ಮುಖ್ಯ ವಾಲ್ವ್ ನಟ್ಟನಡುವೆ ನಿಂತರೆ ಪಂಪ್ ಸ್ತಬ್ಧವಾಗುತ್ತದೆ. ಅದನ್ನು ನೂಕಲು ಫ್ಲೈವೀಲ್ ಇಲ್ಲ. ಅದಕ್ಕೇ ಅನೇಕ ಮಾದರಿಕಾರರು ಈ ಕಡ್ಡಿಯ ಏರ್ಪಾಟನ್ನು ಬಿಟ್ಟು, ಮುಖ್ಯ ಪಿಸ್ಟನ್ನೇ ದಾರಿಗಳನ್ನು ತೆರೆದು ಮುಚ್ಚಿ ಉಗಿಯಿಂದಲೇ ವಾಲ್ವನ್ನು ಸರಿಸುವ ಸರಳ ವಿಧಾನ ಬಳಸುತ್ತಾರೆ. ಯಾವುದನ್ನು ಹಾಗೇ ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ಈ ತೀರ್ಮಾನವೇ ವಿನ್ಯಾಸದ ಮೊದಲ ಪಾಠ.

ಕುಗ್ಗಿದಷ್ಟೂ ಕಠಿಣ

ಚಿಕ್ಕದು ಎಂದರೆ ಸುಲಭ ಎಂಬ ನಂಬಿಕೆ ಇಲ್ಲಿ ಪೂರ್ತಿ ಸುಳ್ಳಾಗುತ್ತದೆ. ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದನ್ನು ನೋಡಿ. ಆ ಸಂದಿನಿಂದ ಸೋರುವ ಗಾಳಿ, ಸಂದಿನ ಅಗಲದ ಘನಕ್ಕೆ ಅನುಗುಣವಾಗಿ ಏರುತ್ತದೆ. 20 ಮೈಕ್ರಾನ್ ಇರಬೇಕಾದ ಸಂದು 40 ಆದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70. ದೊಡ್ಡ ಪಂಪಿನಲ್ಲಿದ್ದ ಸಂದನ್ನೇ ಮಾದರಿಯಲ್ಲೂ ಬಿಟ್ಟರೆ ಸೋರುವ ಗಾಳಿ ಅಷ್ಟೇ ಇರುತ್ತದೆ, ಆದರೆ ಒತ್ತುವ ಗಾಳಿ 512 ಪಟ್ಟು ಕಡಿಮೆಯಾಗಿರುತ್ತದೆ. ಪಂಪ್ ಟಕಟಕ ಬಡಿಯುತ್ತಲೇ ಇರುತ್ತದೆ, ಗೇಜಿನ ಮುಳ್ಳು ಮೇಲೇಳುವುದಿಲ್ಲ. ಲೋಹದ ಸಂದನ್ನು ಅಷ್ಟು ಕಿರಿದು ಮಾಡಲಾಗದ ಕಡೆ ಟೆಫ್ಲಾನ್ ರಿಂಗ್ ಅಥವಾ ಓ-ರಿಂಗ್ ಹಾಕುತ್ತಾರೆ. ಆದರೆ ರಿಂಗ್ ಬಿಗಿಯಾದರೆ ಘರ್ಷಣೆ ಹೆಚ್ಚುತ್ತದೆ, ಅದು ಕೂರುವ ತೋಡಿನ ಆಳ ತಪ್ಪಿದರೆ ಸಡಿಲವಾಗುತ್ತದೆ. ನಿಖರತೆಯ ಬೇಡಿಕೆ ಜಾಗ ಬದಲಿಸುತ್ತದೆ, ಮಾಯವಾಗುವುದಿಲ್ಲ.

ಎರಡನೆಯದು, ಪಿಸ್ಟನ್ ಓಟದ ಕೊನೆ ಮುಟ್ಟಿದ ಮೇಲೂ ಅದರ ಮುಂದೆ ಉಳಿಯುವ ಜಾಗ. ಅಲ್ಲಿ ಸಿಕ್ಕಿಬಿದ್ದ ಒತ್ತಿದ ಗಾಳಿ ಪಿಸ್ಟನ್ ಹಿಂದೆ ಸರಿದಾಗ ಹಿಗ್ಗಿ, ಹೊಸ ಗಾಳಿಗೆ ಜಾಗ ಕೊಡದೆ ಕೂರುತ್ತದೆ. ಚದರ ಸೆಂಟಿಮೀಟರಿಗೆ 4 ಕಿಲೋ ಒತ್ತಡದ ಪಂಪಿನಲ್ಲಿ ಈ ಜಾಗ ಓಟದ ಗಾತ್ರದ ಶೇ 10ರಷ್ಟಿದ್ದರೆ ಒಳಬರುವ ಹೊಸ ಗಾಳಿ ಶೇ 78. ಶೇ 20 ಆದರೆ ಬರೀ 57. ಶೇ 46ರ ಹತ್ತಿರ ಬಂದರೆ ಪಂಪ್ ಅದೇ ಗಾಳಿಯನ್ನು ಒತ್ತುತ್ತ ಬಿಡುತ್ತ ಇರುತ್ತದೆ, ಟ್ಯಾಂಕಿಗೆ ಗಾಳಿ ಒಂದಿಷ್ಟೂ ಸೇರುವುದಿಲ್ಲ. ರಾಡಿನ ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ದೊಡ್ಡ ಪಂಪಿಗೆ ಅದು ಶೇ 0.4ರ ವ್ಯತ್ಯಾಸ. ಮಾದರಿಗೆ ಶೇ 3. ಗಾಳಿಯನ್ನು ಒಳಬಿಡುವ ಗುಂಡಿನ ವಾಲ್ವ್ ಕೂರುವ ಕುಳಿ, ಅದಕ್ಕೆ ಹೋಗುವ ದಾರಿ, ಮುಚ್ಚಳದ ಬೋಲ್ಟಿನ ತುದಿ, ಇವೆಲ್ಲ ಈ ಲೆಕ್ಕಕ್ಕೆ ಸೇರುತ್ತವೆ.

ಮೂರನೆಯದು ಬಿಸಿ. 30 ಮಿಲಿಮೀಟರ್ ಬೋರ್ ಇರುವ ಗನ್‌ಮೆಟಲ್ ಸಿಲಿಂಡರನ್ನು ಕೊರೆದ ಬಿಸಿಯಲ್ಲೇ, ಅಂದರೆ ಮೈಕ್ರೋಮೀಟರಿಗಿಂತ 50 ಡಿಗ್ರಿ ಹೆಚ್ಚು ಬಿಸಿಯಿರುವಾಗ ಅಳೆದರೆ, ತಣಿದ ಮೇಲೆ ಅದು 27 ಮೈಕ್ರಾನ್ ಕುಗ್ಗಿರುತ್ತದೆ. ಬಿಟ್ಟ ಸಂದು 20. ಪಿಸ್ಟನ್ ಒಳಗೇ ಹೋಗುವುದಿಲ್ಲ. ಬಳ್ಳಾರಿ ಸೀಮೆಯ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಉದ್ದಳತೆಗೆ ಜಗತ್ತು ಒಪ್ಪಿರುವ ಉಷ್ಣತೆ 20 ಡಿಗ್ರಿ. ಇನ್ನು ಉಗಿ ಹೊಕ್ಕ ಮೇಲೆ ಬೇರೊಂದು ಪರೀಕ್ಷೆ. ಬೀಡುಕಬ್ಬಿಣದ ಸಿಲಿಂಡರಿಗೆ ಗನ್‌ಮೆಟಲ್ ಪಿಸ್ಟನ್ ಹಾಕಿದರೆ, 120 ಡಿಗ್ರಿ ಏರಿಕೆಗೆ ಪಿಸ್ಟನ್ ಸಿಲಿಂಡರಿಗಿಂತ ಸುಮಾರು 25 ಮೈಕ್ರಾನ್ ಹೆಚ್ಚು ಹಿಗ್ಗಿ ಬಿಗಿದು ನಿಲ್ಲುತ್ತದೆ. ಯಾವ ಲೋಹದೊಳಗೆ ಯಾವ ಲೋಹ ಎಂಬುದನ್ನು ಪುಸ್ತಕದಲ್ಲಿ ಓದಿ ಮರೆಯಬಹುದು. ಬಿಗಿದುಕೊಂಡ ಪಿಸ್ಟನ್ನನ್ನು ಬಡಿದು ತೆಗೆದವರು ಮರೆಯುವುದಿಲ್ಲ.

ಒಂದು ನೋಟ: ಸುರಕ್ಷತೆ
• ಪಂಪನ್ನು ಓಡಿಸಿ ನೋಡಲು ಬಾಯ್ಲರ್ ಬೇಕಿಲ್ಲ. ವರ್ಕ್‌ಶಾಪಿನ ಕಂಪ್ರೆಸರ್ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಉಗಿಯ ಬದಿಗೆ ಕೊಟ್ಟರೆ ಸಾಕು.
• ಟ್ಯಾಂಕನ್ನು ಮೊದಲು ನೀರು ತುಂಬಿ ಪರೀಕ್ಷಿಸಬೇಕು, ಗಾಳಿಯಿಂದಲ್ಲ. ಒಡೆದರೆ ನೀರು ಸೋರಿ ನಿಲ್ಲುತ್ತದೆ. ಒತ್ತಿದ ಗಾಳಿ ಸಿಡಿಯುತ್ತದೆ.
• ಉಗಿಯಲ್ಲಿ ಓಡಿಸುವಾಗ ಮೊದಲು ನಿಧಾನವಾಗಿ ಬಿಸಿಮಾಡಿ, ಉಗಿ ತಣಿದು ಆದ ನೀರನ್ನು ಹೊರಬಿಡಬೇಕು. ನೀರನ್ನು ಪಿಸ್ಟನ್ ಒತ್ತಲಾರದು, ಮುಚ್ಚಳ ಒಡೆಯುತ್ತದೆ.

ಆಕ್ಷೇಪಗಳಿಗೆ ಉತ್ತರ

ನಮ್ಮ ಬಹುಪಾಲು ಉಗಿ ಎಂಜಿನ್‌ಗಳಿಗೆ ಗಾಳಿ ಪಂಪೇ ಇರಲಿಲ್ಲ, ಎಜೆಕ್ಟರ್ ಇತ್ತು. ಹಾಗಿರುವಾಗ ಇಲ್ಲದ್ದನ್ನು ಮಾದರಿಗೆ ಅಂಟಿಸುವುದೇಕೆ ಎಂದು ರೈಲು ಬಲ್ಲವರು ಕೇಳಬಹುದು. ಈ ಆಕ್ಷೇಪ ನ್ಯಾಯವಾದದ್ದು. ಮೀಟರ್‌ಗೇಜ್ ಸರಕು ರೈಲುಗಳನ್ನು ಎಳೆದ ವೈಜಿ ಎಂಜಿನ್ನಿನ ಮಾದರಿ ಮಾಡುವವರು ಅದರ ಮೈಮೇಲೆ ವೆಸ್ಟಿಂಗ್‌ಹೌಸ್ ಪಂಪ್ ಕೂರಿಸಕೂಡದು. ಅದು ಚರಿತ್ರೆಗೆ ಮಾಡುವ ಅನ್ಯಾಯ. ಅಂಥ ಮಾದರಿಗೆ ಎಜೆಕ್ಟರೇ ಬೇಕು, ಅದರ ಶಂಕುಗಳನ್ನು ಕೊರೆಯುವುದೂ ಒಳ್ಳೆಯ ಪಾಠವೇ. ಪಂಪ್ ಬೇಕಾಗಿರುವುದು ಬೇರೆಡೆ: ತರಗತಿಯ ಮೇಜಿನ ಮೇಲೆ, ಟ್ಯಾಂಕು, ಕೊಳವೆ, ಬ್ರೇಕ್ ಸಿಲಿಂಡರ್‌ಗಳ ಜೊತೆಯಲ್ಲಿ. ಇವತ್ತಿನ ಅದಿರು ರೈಲು ನಿಲ್ಲುವ ಬಗೆಯನ್ನು ಅದು ಕಣ್ಣೆದುರು ತೋರಿಸುತ್ತದೆ. ಎಜೆಕ್ಟರ್ ಈ ಸೀಮೆಯ ನಿನ್ನೆಯನ್ನು ಹೇಳುತ್ತದೆ, ಪಂಪ್ ಇಂದನ್ನು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಒಂದರಿಂದ ಇನ್ನೊಂದಕ್ಕೆ ಏಕೆ ಬಂದೆವು ಎಂಬುದು ವಿದ್ಯಾರ್ಥಿಗೆ ಗೇಜಿನ ಮುಳ್ಳಿನಲ್ಲೇ ಕಾಣುತ್ತದೆ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಇರುವಾಗ ಕೈಲೇತ್‌ನಲ್ಲಿ ಒದ್ದಾಡುವುದೇಕೆ ಎಂಬುದು ಎರಡನೆಯ ಪ್ರಶ್ನೆ. ಸಿಎನ್‌ಸಿ ಹೇಳಿದಲ್ಲಿಗೆ ಟೂಲನ್ನು ತಪ್ಪದೆ ಒಯ್ಯುತ್ತದೆ. ಆದರೆ ಚಕ್ಕಿನ ಬಿಗಿತಕ್ಕೆ ತೆಳು ಸಿಲಿಂಡರ್ ಮೂರು ಮೂಲೆಯಾಗುವುದನ್ನು, ಉದ್ದದ ಬೋರಿಂಗ್ ಬಾರ್ ಬಾಗುವುದನ್ನು, ಎರಕದೊಳಗಿನ ಬಿಗಿತ ಸಡಿಲಿ ಆಕಾರ ಕೆಡುವುದನ್ನು ತಾನಾಗಿ ಅರಿಯದು. ಅದನ್ನು ಅರಿತು ಪ್ರೋಗ್ರಾಮ್ ಬರೆಯಬೇಕಾದವರು ಮನುಷ್ಯರು. ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಲೋಹದ ಎದುರೊತ್ತನ್ನು ಅನುಭವಿಸಿದವರು ಸಿಎನ್‌ಸಿ ಮುಂದೆಯೂ ಉತ್ತಮ ಕೆಲಸಗಾರರೇ ಆಗುತ್ತಾರೆ. ಇದಕ್ಕೆ ಬೇಕಾದ ಯಂತ್ರಗಳನ್ನು ಹೊರಗಿನಿಂದ ತರಬೇಕಾದ ನಾಡೂ ನಮ್ಮದಲ್ಲ. ಹೊಸಪೇಟೆಗೆ ದೂರವಲ್ಲದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, ಎರಡೂ ದೇಶಕ್ಕೆ ಲೇತ್ ಮಾಡಿಕೊಟ್ಟವು. ಆ ಕಾಲದ ಗಟ್ಟಿ ಲೇತ್‌ನಲ್ಲೂ ಈ ಪಂಪಿನ ಮುಖ್ಯ ಭಾಗಗಳನ್ನು ಕೊರೆಯಬಹುದು. ಕೊನೆಯ ಮೈಕ್ರಾನ್‌ಗಳಿಗೆ ಹೋನಿಂಗ್, ಲ್ಯಾಪಿಂಗ್ ಸಾಕು.

ಹೊಟ್ಟೆಪಾಡಿಗೆ ಇದರಿಂದೇನು ಎಂಬುದು ಮೂರನೆಯ, ಎಲ್ಲಕ್ಕಿಂತ ಗಂಭೀರ ಆಕ್ಷೇಪ. ಪುಟ್ಟ ಪಂಪ್‌ಗಳನ್ನು ಮಾರಿ ಒಂದು ತಾಲ್ಲೂಕು ಬದುಕಲಾರದು, ನಿಜ. ಆದರೆ ಅದನ್ನು ಮಾಡಬಲ್ಲ ಕೈ ಹೈಡ್ರಾಲಿಕ್ ವಾಲ್ವ್, ಇಂಧನದ ಪಂಪ್, ವೈದ್ಯಕೀಯ ಉಪಕರಣ, ವಿಮಾನದ ಬಿಡಿಭಾಗ ಯಾವುದನ್ನಾದರೂ ಮಾಡಬಲ್ಲದು, ಏಕೆಂದರೆ ಸಂದು, ಸೋರಿಕೆ, ಬಿಸಿಯ ನಿಯಮ ಎಲ್ಲೆಡೆಯೂ ಒಂದೇ. ಅದಿರಿನ ಮೇಲೊಂದೇ ಭಾರ ಹಾಕಿದರೆ ಏನಾಗುತ್ತದೆ ಎಂಬುದನ್ನು 2011 ತೋರಿಸಿಕೊಟ್ಟಿದೆ. ಅಕ್ರಮ ಗಣಿಗಾರಿಕೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿದಾಗ ಲಾರಿ, ಗ್ಯಾರೇಜು, ಹೋಟೆಲುಗಳ ತನಕ ಬದುಕು ಒಟ್ಟಿಗೇ ನಿಂತಿತು. ಅದಿರು ನೆಲದಿಂದ ಒಮ್ಮೆ ಹೊರಟರೆ ಮುಗಿಯಿತು. ಕಲಿತ ಕೈ ಊರಲ್ಲೇ ಉಳಿಯುತ್ತದೆ, ಮುಂದಿನ ತಲೆಮಾರಿಗೆ ಕಲಿಸುತ್ತದೆ. ಇದಕ್ಕೆ ಸಂಡೂರಿನಲ್ಲೇ ಸಾಕ್ಷಿ ಇದೆ. ಕನ್ನಡಿಬಿಲ್ಲೆ, ಕವಡೆ, ಬಣ್ಣದ ನೂಲಿನ ಲಂಬಾಣಿ ಕಸೂತಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಪಡೆದು ಊರಿನ ಹೆಸರನ್ನು ಹೊರಗೆ ಒಯ್ದಿದೆ. ಒಂದು ಊರು ತೂಕದಿಂದಷ್ಟೇ ಅಲ್ಲ, ಕುಸುರಿಯಿಂದಲೂ ಹೆಸರಾಗಬಲ್ಲದು ಎಂದು ತೋರಿಸಿಕೊಟ್ಟವರು ಆ ಕಸೂತಿ ಹಾಕುವ ಹೆಣ್ಣುಮಕ್ಕಳು. ಲೋಹದಲ್ಲಿಯೂ ಅದು ಸಾಧ್ಯ.

ಎಲ್ಲಿಂದ ಆರಂಭ?

ಹಣಕ್ಕೆ ಹೊಸ ಯೋಜನೆ ಹುಡುಕಬೇಕಿಲ್ಲ. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಗಣಿಬಾಧಿತ ಊರುಗಳಿಗಾಗಿ ಖರ್ಚು ಮಾಡಬೇಕು. ಕೌಶಲ ತರಬೇತಿಯೂ ಅದರ ಉದ್ದೇಶಗಳಲ್ಲೊಂದು. ಕಟ್ಟಡ, ಕಾಂಪೌಂಡುಗಳಿಗೆ ಹೋಗುವ ಹಣದಲ್ಲಿ ಚಿಕ್ಕದೊಂದು ಪಾಲು ಸಂಡೂರು, ಹೊಸಪೇಟೆ, ಬಳ್ಳಾರಿಯ ಐಟಿಐ, ಪಾಲಿಟೆಕ್ನಿಕ್‌ಗಳ ಮೆಷಿನ್ ಶಾಪ್‌ಗೆ ಬಂದರೆ ಸಾಕು. ಐಟಿಐ ಫಿಟ್ಟರ್ ವಿದ್ಯಾರ್ಥಿಗಳು ಉಕ್ಕಿನ ತುಂಡನ್ನು ಅರದಿಂದ ಉಜ್ಜಿ ಒಂದರೊಳಗೊಂದು ಕೂರಿಸುವ ಅಭ್ಯಾಸ ಮಾಡುತ್ತಾರೆ. ಆ ಜೋಡಿ ಚೆನ್ನಾಗಿ ಕೂತರೆ ಅಂಕ ಸಿಗುತ್ತದೆ, ಆಮೇಲೆ ಅದು ಮೂಲೆ ಸೇರುತ್ತದೆ. ಅದರ ಮುಂದಿನ ಮೆಟ್ಟಿಲಾಗಿ, ನಾಲ್ಕೈದು ಮಂದಿಯ ಪ್ರತಿ ತಂಡವೂ ಕೊನೆಯ ವರ್ಷ ಒಂದು ಪಂಪ್ ಮಾಡಿ ಓಡಿಸಲಿ. ಟರ್ನರ್ ಸಿಲಿಂಡರ್ ಕೊರೆಯಲಿ, ಫಿಟ್ಟರ್ ವಾಲ್ವ್ ಕೂರಿಸಲಿ, ಡಿಪ್ಲೊಮಾ ವಿದ್ಯಾರ್ಥಿ ಸಂದಿನ ಲೆಕ್ಕ ಹಾಕಲಿ.

ಪರೀಕ್ಷೆಗೆ ಪರೀಕ್ಷಕರ ಅಭಿಪ್ರಾಯವೂ ಬೇಕಿಲ್ಲ. ಒಂದು ಲೀಟರಿನ ಟ್ಯಾಂಕನ್ನು ಚದರ ಸೆಂಟಿಮೀಟರಿಗೆ 4 ಕಿಲೋ ಒತ್ತಡಕ್ಕೆ ತುಂಬಲು, ಸೋರದ, ಖಾಲಿ ಜಾಗವಿಲ್ಲದ ಆದರ್ಶ ಪಂಪಿಗೆ ಸುಮಾರು 175 ಹೊಡೆತ ಬೇಕು. ತಂಡದ ಪಂಪ್ ಎಷ್ಟು ಹೊಡೆತ ತೆಗೆದುಕೊಂಡಿತು ಎಂದು ಎಲ್ಲರೆದುರು ಎಣಿಸಿದರಾಯಿತು. 175ರ ಮೇಲಿನ ಪ್ರತಿ ಹೊಡೆತಕ್ಕೂ ಒಂದು ಕಾರಣ ಇದ್ದೇ ಇರುತ್ತದೆ: ಅಗಲವಾದ ಸಂದು, ಕೂರದ ವಾಲ್ವ್, ಗಿಡ್ಡವಾದ ರಾಡ್. ಆ ಸಂಖ್ಯೆಯನ್ನೂ ಕಾರಣಗಳನ್ನೂ ಬರೆದಿಟ್ಟು ಮುಂದಿನ ವರ್ಷದ ತಂಡಕ್ಕೆ ಒಪ್ಪಿಸಬೇಕು. ಅವರು ಅಲ್ಲಿಂದ ಮುಂದುವರಿಯಬೇಕು. ಹತ್ತು ವರ್ಷ ಹೀಗೆ ನಡೆದರೆ ಆ ಪುಸ್ತಕದಲ್ಲಿರುವುದು ಕನ್ನಡದಲ್ಲಿ ಬರೆದ, ನಮ್ಮದೇ ಬಿಸಿಲಿನಲ್ಲಿ, ನಮ್ಮದೇ ಲೇತ್‌ಗಳಲ್ಲಿ ಪರೀಕ್ಷಿಸಿದ ಯಂತ್ರಜ್ಞಾನ. ಅಂಥ ಜ್ಞಾನವನ್ನು ಯಾವ ಕಂಪನಿಯೂ ರೈಲಿನಲ್ಲಿ ತುಂಬಿ ಹೊರಗೆ ಸಾಗಿಸಲಾರದು.